ಬಿದ್ದ ಹಲಸಿನ ದಿಮ್ಮಿಯಲ್ಲಿ ಜಗಲಿ ಬೆಂಚು: ಒಣಗುವ ತನಕ ಕಾಯಬೇಡಿ

ನಮಸ್ಕಾರ. ಪುನರ್ವಸು ಮಳೆಯ ಗಾಳಿಗೆ ತೀರ್ಥಹಳ್ಳಿ ಮನೆಯ ಹಲಸು ಬಿದ್ದಿದೆ, ಐದು ಅಡಿ ಉದ್ದ, ಎರಡು ಅಡಿ ದಪ್ಪದ ದಿಮ್ಮಿ ಸಿಕ್ಕಿದೆ, ಎಲ್ಲೂ ಜೋಡಿಸದೆ ಒರಗುವ ಬೆಂಚು ಕೆತ್ತಬೇಕು, ಆದರೆ ಈಗಲೇ ತುದಿಯಲ್ಲಿ ಬಿರುಕು ಕಾಣ್ತಿದೆ ಅಂತ ಬರೆದಿದ್ದೀರಿ. ಅದಕ್ಕೆ ಮೇಲಿನ ಉತ್ತರದಲ್ಲಿ ಒಬ್ಬರು "ವರ್ಷ ಹಾಗೇ ಬಿಡಿ, ಒಣಗಿದ ಮೇಲೆ ಕೆತ್ತಿ" ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ದಿಮ್ಮಿಯಾಗಿ ಇಟ್ಟರೆ ಅದು ಸೀಳದೆ ಇರುವುದಿಲ್ಲ. ಹಸಿ ಇರುವಾಗಲೇ ತಿರುಳು (ದಿಮ್ಮಿಯ ನಟ್ಟನಡುವಿನ ಭಾಗ) ತೆಗೆದು ಒರಟಾಗಿ ಆಕಾರ ಕೊಡಿ. ಆಮೇಲೆ ಒಣಗಲಿ. ನುಣುಪು ಮಾಡುವ ಕೆಲಸ ಕೊನೆಗೆ.

ಯಾಕೆ ಅಂದರೆ, ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ಸಿಪ್ಪೆ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದು ಹೆಚ್ಚುಕಡಿಮೆ ಎರಡು ಪಟ್ಟು. ಉದ್ದಕ್ಕೆ ಕುಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಹೊರಗಿನ ಸುತ್ತು ಬಿಗಿಯಾಗುತ್ತಾ ಬರುತ್ತದೆ, ಒಳಗೆ ತಿರುಳು ಜಾಗ ಕೊಡುವುದಿಲ್ಲ. ಎಲ್ಲೋ ಒಂದು ಕಡೆ ಬಿಡಲೇಬೇಕಲ್ವಾ, ಅಲ್ಲಿ ಸೀಳುತ್ತದೆ. ನಮ್ಮ ಹಳೇ ಮನೆಗಳ ಮರಿಗೆ (ಮರದ ತೊಟ್ಟಿ) ನೋಡಿ. ಅದೂ ಒಂದೇ ದಿಮ್ಮಿಯಲ್ಲಿ ತೋಡಿದ್ದು. ಒಳಗಿನ ಮರವನ್ನೇ ತೆಗೆದುಬಿಟ್ಟದ್ದರಿಂದ ಅದಕ್ಕೆ ಕುಗ್ಗಲು ಜಾಗ ಸಿಕ್ಕಿತು, ತಲೆಮಾರುಗಟ್ಟಲೆ ಉಳಿಯಿತು.

ಮೊದಲು ಇವತ್ತೇ ಮಾಡಬೇಕಾದ್ದು: ಎರಡೂ ತುದಿಗೆ ಮೇಣ ಕರಗಿಸಿ ಬಳಿಯಿರಿ, ಇಲ್ಲಾ ಹಳೇ ಆಯಿಲ್ ಪೇಂಟನ್ನು ದಪ್ಪಗೆ ಎರಡು ಕೋಟ್ ಹೊಡೆಯಿರಿ. ಏನೂ ಇಲ್ಲದಿದ್ದರೆ ಸಗಣಿ ಮೆತ್ತಿದರೂ ಸ್ವಲ್ಪ ತಡೆಯುತ್ತದೆ. ನೀರು ಪಕ್ಕದಿಂದ ಹೋಗುವುದಕ್ಕಿಂತ ತುದಿಯಿಂದ ಬಹಳ ಬೇಗ ಹೋಗುತ್ತದೆ. ಸಿಪ್ಪೆಯನ್ನೂ ಬಿಡಿಸಿ, ಅದರ ಕೆಳಗೇ ಹುಳ ಸೇರುವುದು.

ಇನ್ನು ಕತ್ತರಿಸುವ ಲೆಕ್ಕ. ದಿಮ್ಮಿಯ ತುದಿಯಲ್ಲಿ ತಿರುಳು ಎಲ್ಲಿದೆ ಗುರುತು ಮಾಡಿ. ಅದಕ್ಕಿಂತ ಎರಡು ಇಂಚು ಕೆಳಗೆ ಒಂದು ಅಡ್ಡ ಗೆರೆ, ಎರಡು ಇಂಚು ಹಿಂದೆ, ಅಂದರೆ ಒರಗುವ ಕಡೆಗೆ, ಒಂದು ನೇರ ಗೆರೆ ಹಾಕಿ. ಎರಡೂ ತುದಿಯಲ್ಲಿ ಹಾಗೇ ಮಾಡಿ, ದಾರಕ್ಕೆ ಮಸಿ ಹಚ್ಚಿ ಉದ್ದಕ್ಕೂ ಗೆರೆ ಹೊಡೆಯಿರಿ. ಆ ಎರಡು ಗೆರೆಯಲ್ಲಿ, ಅವು ಸೇರುವ ತನಕ ಮಾತ್ರ, ಚೈನ್ ಸಾ ಹಾಯಿಸಿದರೆ ಮುಂದಿನ ಮೇಲ್ಭಾಗದ ತುಂಡು ಬಿಟ್ಟುಕೊಳ್ಳುತ್ತದೆ, ತಿರುಳೂ ಅದರ ಜೊತೆಗೇ ಹೋಗುತ್ತದೆ. ಉಳಿದದ್ದೇ ನಿಮ್ಮ ಬೆಂಚು: ಅಡಿಯದು ಕೂರುವ ಭಾಗ, ಹಿಂದಿನದು ಒರಗುವ ಭಾಗ. ಕೂರುವ ಅಗಲ 12–13 ಇಂಚು ಸಿಗಬಹುದು. ಅವೆರಡೂ ಸೇರುವ ಒಳಮೂಲೆಯನ್ನು ಚೂಪಾಗಿ ಬಿಡಬೇಡಿ. ಬಿರುಕು ಶುರುವಾಗುವುದೇ ಅಂಥ ಮೂಲೆಯಲ್ಲಿ. ದುಂಡಗೆ ಕೊರೆಯಿರಿ. ಬಿಟ್ಟುಕೊಂಡ ತುಂಡಿನಲ್ಲಿ ತಿರುಳಿನ ಅಂಚು ಸೀಳಿ ತೆಗೆದರೆ ಎರಡು ಮೂರು ಮಣೆ ಆಗುತ್ತದೆ, ಒಲೆಗೆ ಹಾಕಬೇಡಿ.

ಆಮೇಲೆ ದಿಮ್ಮಿ ಮಗುಚಿ. ತಳವನ್ನು ಎರಡು ಇಂಚು ಮಟ್ಟ ಮಾಡಿ, ಎರಡು ತುದಿಯಲ್ಲಿ ಕಾಲಿನ ಹಾಗೆ ನಾಲ್ಕು ನಾಲ್ಕು ಇಂಚು ಬಿಟ್ಟು, ನಡುವೆ ಹೊಟ್ಟೆ ತೋಡಿ. ಕೂರುವ ಹಲಗೆ ಮೂರು ಇಂಚು ಉಳಿದರೆ ಸಾಕು, ಒರಗುವುದೂ ಅಷ್ಟೇ. ಗಾಳಿಯಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಅನ್ನುವ ಲೆಕ್ಕ ಇದೆ. ಹತ್ತು ಇಂಚು ದಪ್ಪ ಇಟ್ಟರೆ ಯಾವ ಕಾಲಕ್ಕೆ ಒಣಗಬೇಕು? ತೋಡುವುದರಿಂದ ಭಾರವೂ ಇಳಿಯುತ್ತದೆ. ಈಗ ಆ ಹಸಿ ದಿಮ್ಮಿ 400 ಕಿಲೋ ಆಸುಪಾಸು ಇರುತ್ತದೆ, ಇಬ್ಬರೇ ಉರುಳಿಸಲು ಹೋಗಬೇಡಿ. ತೋಡಲು ಬಾಚಿ, ಅಗಲದ ಉಳಿ, ಕೊಡತಿ ಸಾಕು. ಹಸಿ ಹಲಸಿನಲ್ಲಿ ಚಕ್ಕೆ ಚೆನ್ನಾಗಿ ಏಳುತ್ತದೆ. ಬೇಲಿ ಪಕ್ಕದ ಮರವಾದರೆ ಚೈನ್ ಸಾ ಹಾಕುವ ಮುಂಚೆ ಹಳೇ ಮೊಳೆ, ತಂತಿ ಹುಡುಕಿ. ಮೊಳೆ ಸುತ್ತ ಮರ ಕಪ್ಪಾಗಿರುತ್ತದೆ.

ಒಣಗಿಸುವುದು ನೆರಳಲ್ಲಿ, ನೆಲದಿಂದ ಮೇಲೆ, ಕೆಳಗೆ ರೀಪು ಕೊಟ್ಟು. ಅಡಿಕೆ ಒಣಗಿಸುವ ಅಂಗಳಕ್ಕೆ ಮಾತ್ರ ಹಾಕಬೇಡಿ, ಡ್ರೈಯರ್ ಹತ್ತಿರವೂ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಬಿರುಕಿನ ಭಯ ಕಡಿಮೆ, ಬೂಷ್ಟಿನ ಭಯ ಜಾಸ್ತಿ, ಹಾಗಾಗಿ ಗಾಳಿ ಆಡಬೇಕು. ದೀಪಾವಳಿ ಕಳೆದು ಒಣಗಾಳಿ ಬೀಸಲು ಶುರುವಾದಾಗ ಹಳೇ ಗೋಣಿಚೀಲ ಹೊದಿಸಿ, ಆ ಮೂರ್ನಾಲ್ಕು ತಿಂಗಳು ಆಗಾಗ ನೋಡುತ್ತಿರಿ. ಕೂರುವ ಹಲಗೆಯಷ್ಟೇ ದಪ್ಪದ ಒಂದು ತುಂಡನ್ನು ತುದಿಗೆ ಪೇಂಟ್ ಹಚ್ಚಿ ಪಕ್ಕದಲ್ಲೇ ಇಡಿ. ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ. ಬೇಸಿಗೆಯಲ್ಲೂ ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು ಅಂತ. ಎರಡು ಮೂರು ಬೇಸಿಗೆ ದಾಟಬೇಕು ಅಂದುಕೊಳ್ಳಿ.

ಹಲಸಿನ ಒಳಗಿನ ಹಳದಿ ಕೆಚ್ಚಿಗೆ ಒರಲೆ (ಗೆದ್ದಲು) ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ, ಅದನ್ನು ಆದಷ್ಟೂ ಕೆತ್ತಿ ತೆಗೆಯಿರಿ. ಚೂರು ಉಳಿದರೆ ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಹಚ್ಚಿ. ಬೆಂಚಿನ ಕಾಲಿನ ಅಡಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಒಳ್ಳೆಯದು, ಆದರೆ ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತದೆ.

ಇಷ್ಟಾದರೂ ಒಂದೆರಡು ಸಣ್ಣ ಸೀಳು ಬರಬಹುದು. ಪುಟ್ಟಿ ತುಂಬಬೇಡಿ, ಮಳೆಗಾಲದಲ್ಲಿ ಉಬ್ಬಿ ಕಿತ್ತುಬರುತ್ತದೆ. ಸೀಳಿಗೆ ಅಡ್ಡವಾಗಿ ಡಮರುವಿನ ಆಕಾರದ ಬೀಟೆ ಅಥವಾ ಹೊನ್ನೆ ಕೀಲು ಕೂರಿಸಿ, ಮುಂದೆ ಹೋಗದೆ ನಿಲ್ಲುತ್ತದೆ, ನೋಡಲೂ ಚಂದ.

ಒರಗುವ ಕಡೆ ಹೂಬಳ್ಳಿಯ ಕೆತ್ತನೆ ಬೇಕು ಅಂದಿದ್ದೀರಿ. ಅದು ಪೂರ್ತಿ ಒಣಗಿದ ಮೇಲೇ. ಗಂಧದ ಮೇಲೆ ಸಾಗರ, ಸೊರಬದ ಗುಡಿಗಾರರು ತೆಗೆಯುವಷ್ಟು ಸಣ್ಣ ಕುಸುರಿ ಹಲಸಿನಲ್ಲಿ ನಿಲ್ಲುವುದಿಲ್ಲ, ನಾರು ಅಲ್ಲಲ್ಲಿ ತಿರುಗಿರುತ್ತದೆ. ದೊಡ್ಡ ಎಲೆ, ದಪ್ಪ ಬಳ್ಳಿ ಇಟ್ಟುಕೊಳ್ಳಿ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಮೂರ್ನಾಲ್ಕು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ ಬಿಡಿಸಿ ಹರಡಿ.

ಸಾಮಿಲ್ಲಿಗೆ ಸಾಗಿಸುವ ಯೋಚನೆ ಇದ್ದರೆ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಮರ ಸಾಗಣೆಗೆ ನಿಯಮ ಇದೆ, ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಕಷ್ಟ. ಮನೆಯಂಗಳದಲ್ಲೇ ಕೆತ್ತುವುದಾದರೆ, ಗೆರೆ ಹಾಕಿದ ಮೇಲೆ ಎರಡೂ ತುದಿಯ ಫೋಟೋ ಇಲ್ಲಿ ಹಾಕಿ. ತಿರುಳು ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯಾಗಿ ಹೋಗಿದ್ದರೆ ಗೆರೆ ಸ್ವಲ್ಪ ಬದಲಿಸಬೇಕಾಗುತ್ತದೆ, ನೋಡಿ ಹೇಳುತ್ತೇನೆ.