ಗೇಟಿಲ್ಲದ ದಾರಿ ಯಾರದು?

ಕಾಡಿನ ದಾರಿಗಳಲ್ಲಿ ಬೈಕು, ಜೀಪು ಓಡಿಸುವ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಮಲೆನಾಡಿನ ವಲಯಗಳಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತರಾದ, ಈಗಲೂ ಬೈಕು ಬಿಡದ ಅರಣ್ಯಾಧಿಕಾರಿಯೊಬ್ಬರು ಉತ್ತರಿಸಿದ್ದಾರೆ.

ನಾವು ಹಾಸನದ ಆರು ಮಂದಿ ಗೆಳೆಯರು. ಭಾನುವಾರ ಬೈಕುಗಳಲ್ಲಿ ಬಿಸಿಲೆ ಕಡೆಗೆ ಹೋಗಿದ್ದೆವು. ಡಾಂಬರು ರಸ್ತೆಯಿಂದ ಒಂದು ಮಣ್ಣಿನ ದಾರಿ ಕಾಡಿನೊಳಗೆ ತಿರುಗಿತ್ತು. ಗೇಟಿರಲಿಲ್ಲ, ಫಲಕವಿರಲಿಲ್ಲ. ಮೊಬೈಲ್ ನಕ್ಷೆಯಲ್ಲೂ ದಾರಿ ಸ್ಪಷ್ಟವಾಗಿತ್ತು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅರಣ್ಯ ಸಿಬ್ಬಂದಿ ತಡೆದು, ಬೈಕುಗಳ ನಂಬರ್ ಬರೆದುಕೊಂಡು, ಕೇಸು ಹಾಕುತ್ತೇವೆ ಎಂದರು. ಫಲಕವೇ ಇಲ್ಲದ ಕಡೆ ಅತಿಕ್ರಮ ಪ್ರವೇಶ ಹೇಗಾಗುತ್ತದೆ?

ಆಗುತ್ತದೆ. ಕರ್ನಾಟಕ ಅರಣ್ಯ ಕಾಯ್ದೆ 1963ರ 24ನೇ ಸೆಕ್ಷನ್ ಮೀಸಲು ಅರಣ್ಯದೊಳಗೆ ಏನೇನು ಮಾಡಬಾರದೆಂದು ಪಟ್ಟಿ ಮಾಡುತ್ತದೆ. ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವುದೂ ಆ ಪಟ್ಟಿಯಲ್ಲಿದೆ. ನಿಮ್ಮ ಪಕ್ಕದ ಮನೆಯವರು ಬಾಗಿಲು ತೆರೆದಿಟ್ಟು ಹಿತ್ತಲಿಗೆ ಹೋಗಿದ್ದರೆ ನೀವು ಒಳಗೆ ಹೋಗಿ ಕುಳಿತುಕೊಳ್ಳುವುದಿಲ್ಲ. ಬಿಸಿಲೆ ಘಾಟಿಯಲ್ಲಿ ಕುಲ್ಕುಂದದ ಕಡೆಗೆ ಇಳಿಯುವ ಡಾಂಬರು ರಸ್ತೆ ಸಾರ್ವಜನಿಕರದು. ಅದರ ಅಂಚು ದಾಟಿದ ಕೂಡಲೇ ನೀವು ಬೇರೆಯವರ ಜಾಗದಲ್ಲಿದ್ದೀರಿ.

ನೀವು ಕಂಡ ದಾರಿ ಯಾವುದಿರಬಹುದು ಎಂದು ಇಲ್ಲಿಂದಲೇ ಊಹಿಸಬಲ್ಲೆ. ಹಳೆಯ ಕಾಲದಲ್ಲಿ ಮರ ಸಾಗಿಸಲು ಮಾಡಿದ ಕೂಪು ರಸ್ತೆ ಒಂದು. ಕಳ್ಳಬೇಟೆ ತಡೆ ಶಿಬಿರಕ್ಕೆ ಅಕ್ಕಿ, ಸೀಮೆಎಣ್ಣೆ ಒಯ್ಯುವ ದಾರಿ ಇನ್ನೊಂದು. ಮೂರನೆಯದು ಬೆಂಕಿ ರೇಖೆ, ಬೈಕಿನವರು ಅತಿ ಹೆಚ್ಚು ಮೋಸಹೋಗುವುದು ಇದರಲ್ಲೇ. ಬೇಸಿಗೆ ಕಾಲಿಡುವ ಮೊದಲು ನಮ್ಮವರು ಹುಲ್ಲು, ತರಗೆಲೆ ಕೆರೆದು, ಕೆಲವು ಕಡೆ ಸುಟ್ಟು, ಉದ್ದಕ್ಕೆ ಒಂದು ಬರಿನೆಲದ ಪಟ್ಟಿ ಮಾಡುತ್ತಾರೆ. ಒಂದು ಕಡೆ ಬಿದ್ದ ಬೆಂಕಿ ಇನ್ನೊಂದು ಕಡೆಗೆ ಹಾರದಿರಲಿ ಎಂದು. ಬೈಕಿನ ಮೇಲೆ ಕುಳಿತವನ ಕಣ್ಣಿಗೆ ಅದು ಯಾರೋ ತನಗಾಗಿಯೇ ಬಿಡಿಸಿಟ್ಟ ಟ್ರ್ಯಾಕಿನಂತೆ ಕಾಣುತ್ತದೆ. ಗುಡ್ಡದ ನೆತ್ತಿಯ ಮೇಲೆ ಹಾವಿನಂತೆ ಹೊರಳಿಕೊಂಡು ಹೋಗುವ ಅದರ ಅಂದಕ್ಕೆ ನಾನೂ ಮನಸೋತವನೇ. ಆದರೆ ಅದು ದಾರಿಯಲ್ಲ.

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಅಂಥದೇ ರೇಖೆಯೊಂದರಲ್ಲಿ ಇಬ್ಬರು ಹುಡುಗರು ಬಂದಿದ್ದರು. ತಿರುವಿನಲ್ಲಿ ಒಬ್ಬನ ಬೈಕು ಮಗುಚಿ, ಕಾದ ಸೈಲೆನ್ಸರ್ ಪಕ್ಕದ ಒಣಹುಲ್ಲಿಗೆ ತಾಗಿತು. ಬೆಂಕಿ ಕಾಯಲೆಂದು ಅಲ್ಲೇ ಇದ್ದ ವಾಚರ್ ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿದದ್ದರಿಂದ ಹತ್ತು ಮಾರು ಹುಲ್ಲು ಸುಟ್ಟು ನಿಂತಿತು. ಬೆಂಕಿ ತಡೆಯಲೆಂದು ಮಾಡಿದ ರೇಖೆಯಲ್ಲೇ ಬೆಂಕಿ. ಹುಡುಗರು ಒಳ್ಳೆಯವರೇ, ಅತ್ತುಬಿಟ್ಟರು.

ಇನ್ನು ಮೊಬೈಲ್ ನಕ್ಷೆ. ಆಕಾಶದಿಂದ ತೆಗೆದ ಚಿತ್ರಕ್ಕೆ ಮಣ್ಣಿನ ಗೆರೆ ಕಾಣುತ್ತದೆ, ಮಾಲೀಕ ಕಾಣುವುದಿಲ್ಲ. ಹಿಂದೆ ಯಾರೋ ಹೋಗಿ ತಮ್ಮ ಓಟದ ಜಾಡನ್ನು ಹಂಚಿಕೊಂಡಿದ್ದರೆ, ಅವರು ಸಿಕ್ಕಿಬೀಳಲಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಬದಲಿಗೆ ‘ದಿಶಾಂಕ್’ ಆ್ಯಪ್ ಇಟ್ಟುಕೊಳ್ಳಿ. ಸರ್ಕಾರದ್ದೇ, ಉಚಿತ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಪಹಣಿ ನೋಡಿದರೆ ಜಾಗ ಅರಣ್ಯದ್ದೋ, ಗೋಮಾಳವೋ, ಹಿಡುವಳಿಯೋ ಬಹುಮಟ್ಟಿಗೆ ತಿಳಿಯುತ್ತದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸೆಕ್ಷನ್ 4 ಜಮೀನಿನ ಗೋಜಲು ಬೇರೆ ಇದೆ. ಮೀಸಲು ಅರಣ್ಯ ಮಾಡುತ್ತೇವೆಂದು ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಪ್ರಕಟಿಸಿ, 17ನೇ ಸೆಕ್ಷನ್ನಿನ ಅಂತಿಮ ಅಧಿಸೂಚನೆಗೆ ವರ್ಷಗಟ್ಟಲೆ ಕಾಯುತ್ತಿರುವ ಜಾಗಗಳಿವು. ಬೈಕಿನವರ ಮಟ್ಟಿಗೆ ಅದನ್ನೂ ಕಾಡೆಂದೇ ತಿಳಿಯುವುದು ಕ್ಷೇಮ.

ನೀವು ಹೋದದ್ದು ಮೀಸಲು ಅರಣ್ಯವಾಗಿದ್ದರೆ ವಿಷಯ ಇಷ್ಟರಲ್ಲೇ ಇದೆ. ಭದ್ರಾ ಅಭಯಾರಣ್ಯ ಅಥವಾ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಅನ್ವಯಿಸುತ್ತದೆ. ಅದರ 27ನೇ ಸೆಕ್ಷನ್ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಕೊಟ್ಟಿದೆ, ಹೆದ್ದಾರಿ ಬಿಟ್ಟು ಇಳಿಯುವವರಿಗೆ ಕೊಟ್ಟಿಲ್ಲ. 2022ರ ತಿದ್ದುಪಡಿಯ ನಂತರ ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ವಾಹನವನ್ನು ಜಪ್ತಿ ಮಾಡುವ ಅಧಿಕಾರವೂ ಇದೆ. ಠಾಣೆಯ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತ ಬೈಕುಗಳನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ.

ಸಿಬ್ಬಂದಿ ತಡೆದಾಗ ವಾದಕ್ಕಿಳಿಯಬೇಡಿ. ಹೆಸರು, ವಿಳಾಸ ಸರಿಯಾಗಿ ಹೇಳಿ. ಮಹಜರು ಬರೆದರೆ ಓದಿ ನೋಡಿ ಸಹಿ ಮಾಡಿ. ದಂಡವೆಂದು ಹಣ ಕೇಳಿದರೆ ಇಲಾಖೆಯ ರಸೀದಿ ಕೇಳುವ ಹಕ್ಕು ನಿಮಗಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದನ್ನು ಬರೆದದ್ದಕ್ಕೆ ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಒಂದಿಬ್ಬರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ.

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಇಪ್ಪತ್ತು ಎಕರೆ ಕಾಫಿ ತೋಟ. ತೋಟದ ನಡುವಿನ ದಾರಿಯಲ್ಲೇ ಶನಿವಾರ, ಭಾನುವಾರ ಜೀಪು, ಬೈಕುಗಳು ಮೇಲಿನ ಹುಲ್ಲುಗುಡ್ಡಕ್ಕೆ ಹೋಗುತ್ತವೆ. ಗುಡ್ಡದ ಮೈ ತುಂಬ ಚಕ್ರದ ಗೆರೆಗಳು. ನಾನು ಗೇಟು ಹಾಕಬಹುದೇ? ಹುಲ್ಲು ಮತ್ತೆ ಬರುತ್ತದಲ್ಲ ಎನ್ನುತ್ತಾರೆ ಜೀಪಿನವರು.

ಗೇಟಿನ ಮಾತು ಮೊದಲು. ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ನಿಮ್ಮ ಗ್ರಾಮ ನಕಾಶೆ ತೆಗೆಸಿ ನೋಡಿ. ಆ ದಾರಿ ನಕಾಶೆಯಲ್ಲಿ ಬಂಡಿದಾರಿ ಎಂದೋ ಕಾಲುದಾರಿ ಎಂದೋ ಇದ್ದರೆ ನೀವು ಮುಚ್ಚುವಂತಿಲ್ಲ, ತಹಶೀಲ್ದಾರರು ಬಂದು ತೆಗೆಸುತ್ತಾರೆ. ನಕಾಶೆಯಲ್ಲಿ ಇಲ್ಲದೆ, ತೋಟದ ಕೆಲಸಕ್ಕೆ ನಿಮ್ಮ ಹಿರಿಯರು ಮಾಡಿಕೊಂಡ ದಾರಿಯಾಗಿದ್ದರೆ ಧಾರಾಳವಾಗಿ ಗೇಟು ಹಾಕಿ. ಮೇಲೆ ದೇವರಬನವೋ ಕೂಲಿ ಲೈನೋ ಇದ್ದು ಜನ ರೂಢಿಯಿಂದ ನಡೆದಾಡುತ್ತಿದ್ದರೆ ಅವರಿಗೆ ಕಿರುಬಾಗಿಲು ಬಿಡಿ.

ಹುಲ್ಲು ಮತ್ತೆ ಬರುತ್ತದೆ ಎಂಬ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಬರುವುದು ಯಾವ ಹುಲ್ಲು? ಶೋಲಾ ಮತ್ತು ಹುಲ್ಲುಗಾವಲು ಜೋಡಿ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಅದರ ಮೇಲೆ ಬೋಳುಗುಡ್ಡದಂತೆ ಕಾಣುವ ಹುಲ್ಲು. ಆ ಹುಲ್ಲಿನ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮೇಲ್ಮಣ್ಣನ್ನು ಚಾಪೆಯಂತೆ ಹಿಡಿದಿರುತ್ತವೆ. ಮಳೆ ಬಿದ್ದಾಗ ನೀರು ಅದರೊಳಗೆ ಇಂಗಿ, ತಿಂಗಳುಗಟ್ಟಲೆ ನಿಧಾನವಾಗಿ ಕೆಳಗಿನ ಒರತೆಗಳಿಗೆ ಇಳಿಯುತ್ತದೆ. ಹಲ್ಲಿನ ಟೈರು ಇಳಿಜಾರಿನಲ್ಲಿ ಒಮ್ಮೆ ತಿರುಗಿದರೆ ಚಾಪೆ ಹರಿಯುತ್ತದೆ. ಅದರ ಜಾಡು ಮೇಲಿನಿಂದ ಕೆಳಕ್ಕೆ ನೇರ ಇರುವುದರಿಂದ ಮುಂದಿನ ಮಳೆಯ ನೀರೆಲ್ಲ ಆ ಗೆರೆಗೇ ಸೇರಿಕೊಳ್ಳುತ್ತದೆ. ಬೆರಳಷ್ಟಿದ್ದ ಗೆರೆ ಎರಡು ಮಳೆಗಾಲದಲ್ಲಿ ಮೊಣಕಾಲುದ್ದದ ಕೊರಕಲಾದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಜೀಪಿನವರು ಏನು ಮಾಡುತ್ತಾರೆ? ಕೊರಕಲು ತಪ್ಪಿಸಿ ಪಕ್ಕದಲ್ಲಿ ಹೊಸ ಜಾಡು ಮಾಡುತ್ತಾರೆ. ಹೀಗೆ ಒಂದು ದಾರಿ ಐದಾಗುತ್ತದೆ. ಆ ಗಾಯದಲ್ಲಿ ಮೊದಲು ತಲೆಯೆತ್ತುವುದು ಹಳೆಯ ಹುಲ್ಲಲ್ಲ, ಎಲ್ಲೆಂದರಲ್ಲಿ ಬೆಳೆಯುವ ಕಳೆ.

ಹೇಮಾವತಿ ಹುಟ್ಟುವುದು ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಕೆಳಗೆ ಗೊರೂರಿನ ಅಣೆಕಟ್ಟೆಯ ನೀರು ನೆಚ್ಚಿಕೊಂಡ ರೈತನಿಗೆ ನಿಮ್ಮ ಗುಡ್ಡದ ಟೈರಿನ ಗುರುತು ಕಾಣುವುದಿಲ್ಲ.

ಗುಡ್ಡ ಅರಣ್ಯದ್ದಾಗಿದ್ದರೆ ದಿನಾಂಕ ಕಾಣುವಂತೆ ಫೋಟೋ ತೆಗೆದು ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ತುರ್ತಾದರೆ ಅರಣ್ಯ ಸಹಾಯವಾಣಿ 1926 ಇದೆ. ಗುಡ್ಡ ಕಂದಾಯ ಇಲಾಖೆಯದಾಗಿದ್ದರೆ ದೂರು ಹೋಗಬೇಕಾದದ್ದು ತಹಶೀಲ್ದಾರರಿಗೆ. ಇಷ್ಟಕ್ಕೂ ಮೊದಲು ಒಂದು ವಿಚಾರಣೆ ನೀವೇ ಮಾಡಿ. ಆ ಜೀಪುಗಳು ಯಾವ ಹೋಂಸ್ಟೇಯಿಂದ ಹೊರಡುತ್ತವೆ? ಬೆಳೆಗಾರರು ಬರೆದ ಇಂಥ ಹತ್ತು ದೂರುಗಳಲ್ಲಿ ಎಷ್ಟೋ ಸಲ ಜೀಪು ಪಕ್ಕದ ಬೆಳೆಗಾರರ ಮನೆಯದೇ ಆಗಿರುತ್ತಿತ್ತು. ಒಂದೆರಡು ಸಲ ದೂರು ಕೊಟ್ಟವರ ಭಾವಮೈದುನನದೇ.

ಬೇಸಿಗೆಯಲ್ಲಿ ಬೆಂಕಿ ಎಂದು ಮುಚ್ಚುತ್ತಾರೆ, ಮಳೆಗಾಲದಲ್ಲಿ ಮಳೆ ಎಂದು ಮುಚ್ಚುತ್ತಾರೆ. ಉಳಿದ ತಿಂಗಳಲ್ಲಿ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ತೆಗೆದರೆ ಚಾರಣದ ದಾರಿಯಲ್ಲಿ ಬೈಕು ಬಿಡುತ್ತಾರೆಯೇ? ಹೆಬ್ಬೆ ಜಲಪಾತಕ್ಕೆ ಬಾಡಿಗೆ ಜೀಪು ಬಿಡುವವರು ನಮ್ಮ ವಾಹನ ಏಕೆ ಬಿಡುವುದಿಲ್ಲ? (ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿ)

ಬಿಡುವುದಿಲ್ಲ. ಅದು ಕಾಲ್ನಡಿಗೆಯ ಟಿಕೆಟ್. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಚಾರಣವನ್ನೇ ನಿಲ್ಲಿಸಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಆನ್‌ಲೈನ್ ವ್ಯವಸ್ಥೆ ತಂದರು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಕಾಲಿಗೇ ಮಿತಿ ಹಾಕಿದವರು ಚಕ್ರಕ್ಕೆ ಬಾಗಿಲು ತೆರೆಯುತ್ತಾರೆಯೇ? ಕಾಡಿನೊಳಗೆ ಬೈಕಿನ ಹಂಗಾಮು ಎಂಬುದೇ ಇಲ್ಲ. ಬೇಸಿಗೆ, ಮಳೆಗಾಲದ ಮುಚ್ಚುವಿಕೆ ನಡೆಯುವವರಿಗೆ ಸಂಬಂಧಿಸಿದ್ದು.

ಹೆಬ್ಬೆಯ ವಿಷಯದಲ್ಲಿ ನಿಮ್ಮ ಆಕ್ಷೇಪದಲ್ಲಿ ಅರ್ಧ ನ್ಯಾಯವಿದೆ. ಸ್ಥಳೀಯ ಜೀಪುಗಳನ್ನಷ್ಟೇ ಬಿಡುವುದರಿಂದ ಎಷ್ಟು ಗಾಡಿ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಲೆಕ್ಕ ಇರುತ್ತದೆ. ಚಾಲಕನಿಗೆ ದಾರಿಯ ಪ್ರತಿ ಕಲ್ಲೂ ಗೊತ್ತು, ನಾಳೆಯೂ ಅಲ್ಲೇ ದುಡಿಯಬೇಕು, ಆದ್ದರಿಂದ ಹದ್ದು ಮೀರುವುದಿಲ್ಲ. ಆದರೆ ರಜೆಯ ದಿನ ಒಂದರ ಹಿಂದೊಂದು ಓಡುವ ಜೀಪೂ ಜೀಪೇ. ದಾರಿ ಸವೆಯದೆ ಇರುತ್ತದೆಯೇ?

ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಡರ್ಟ್ ಬೈಕಿಗೆಂದೇ ದಾರಿಗಳಿವೆ ಎಂದು ಅಲ್ಲಿರುವ ನನ್ನ ಅಣ್ಣ ಹೇಳುತ್ತಾನೆ. ನಮ್ಮಲ್ಲಿ ಮಾತ್ರ ಎಲ್ಲಕ್ಕೂ ‘ಇಲ್ಲ’ ಏಕೆ? (ಅರಸೀಕೆರೆ)

ನಿಮ್ಮ ಅಣ್ಣ ಹೇಳಿದ್ದು ನಿಜ, ಆದರೆ ಅಲ್ಲಿಯೂ ಕಂಡಕಂಡಲ್ಲಿ ನುಗ್ಗುವಂತಿಲ್ಲ. ನಮ್ಮ ವನ್ಯಜೀವಿ ಕಾಯ್ದೆ ಬಂದ 1972ರಲ್ಲೇ, ಫೆಬ್ರುವರಿಯಲ್ಲಿ, ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ಜಮೀನಿನಲ್ಲಿ ಇಂಥ ವಾಹನ ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಇಲಾಖೆಗಳು ಗುರುತು ಮಾಡಬೇಕೆಂಬುದು ಅದರ ತಿರುಳು. ಮಣ್ಣಿಗೋ ಪ್ರಾಣಿಗಳಿಗೋ ಹೆಚ್ಚಿನ ಹಾನಿಯಾಗುತ್ತಿದ್ದರೆ ಆ ಜಾಗವನ್ನು ತಕ್ಷಣ ಮುಚ್ಚಬೇಕೆಂದು 1977ರಲ್ಲಿ ಕಾರ್ಟರ್ ಸೇರಿಸಿದರು. 2005ರಲ್ಲಿ ಅಲ್ಲಿನ ಅರಣ್ಯ ಸೇವೆ ನಿಯಮ ಬಿಗಿ ಮಾಡಿತು. ಪ್ರತಿ ರಾಷ್ಟ್ರೀಯ ಅರಣ್ಯವೂ ವಾಹನ ಓಡಬಹುದಾದ ದಾರಿಗಳ ನಕ್ಷೆ ಮಾಡಿ ಜನರಿಗೆ ಉಚಿತವಾಗಿ ಕೊಡಬೇಕು. ನಕ್ಷೆಯಲ್ಲಿ ಇಲ್ಲದ ದಾರಿ ಮುಚ್ಚಿದ ದಾರಿ. ಯಾವ ತಿಂಗಳಲ್ಲಿ ತೆರೆದಿರುತ್ತದೆ ಎಂಬುದೂ ಆ ನಕ್ಷೆಯಲ್ಲೇ ಇರುತ್ತದೆ.

ಅವರ ರಾಷ್ಟ್ರೀಯ ಅರಣ್ಯಗಳ ವಿಸ್ತಾರ ಸುಮಾರು 19 ಕೋಟಿ ಎಕರೆ. ನಮ್ಮ ಭದ್ರಾ ಅಭಯಾರಣ್ಯ ಸುಮಾರು 500 ಚದರ ಕಿಲೋಮೀಟರ್, ಅಂದರೆ ಒಂದೂಕಾಲು ಲಕ್ಷ ಎಕರೆ. ಅದರಲ್ಲಿ ಹುಲಿ ಬದುಕಬೇಕು, ಆನೆ ಓಡಾಡಬೇಕು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ಅದರೊಳಗಿನ ಹಳ್ಳಿಗಳ ಕುಟುಂಬಗಳು ಮನೆ, ಗದ್ದೆ ಬಿಟ್ಟು ಹೊರಗೆ ಬಂದವು. ಅವರನ್ನು ಎಬ್ಬಿಸಿದ ನೆಲದಲ್ಲಿ ಭಾನುವಾರದ ಖುಷಿಗೆ ಟ್ರ್ಯಾಕ್ ಕೊಡಿ ಎಂದು ಕೇಳಲು ನನಗಂತೂ ಬಾಯಿ ಬರುವುದಿಲ್ಲ. ಜೊತೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಕೊಡಲು ಕೇಂದ್ರದ ಒಪ್ಪಿಗೆ ಬೇಕು.

ಆದರೂ ಅವರಿಂದ ಕಲಿಯಬೇಕಾದದ್ದು ಆ ನಕ್ಷೆ. ಯಾವ ವಲಯದಲ್ಲಿ ಯಾವ ದಾರಿ ಸಾರ್ವಜನಿಕರದು, ಯಾವುದು ಅಲ್ಲ ಎಂದು ನಮ್ಮ ಇಲಾಖೆ ಒಂದು ಹಾಳೆ ಅಚ್ಚು ಮಾಡಿ ಚೆಕ್‌ಪೋಸ್ಟಿನಲ್ಲಿ ಅಂಟಿಸಿದರೆ ಮೇಲಿನ ಹಾಸನದ ಆರು ಹುಡುಗರು ತಡೆಸಿಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ನೌಕರಿಯಲ್ಲಿದ್ದಾಗ ಏಕೆ ಮಾಡಲಿಲ್ಲ ಎಂದು ಕೇಳಿದರೆ, ಮಾಡಬೇಕಿತ್ತು.

ಓಡಿಸಲೇಬೇಕೆನ್ನುವವರಿಗೆ ಖಾಸಗಿ ಜಮೀನಿದೆ. ಚಿಕ್ಕಮಗಳೂರಿನ ರ್‍ಯಾಲಿಗಳು ನಡೆದು ಬಂದಿರುವುದು ಕಾಫಿ ತೋಟಗಳ ದಾರಿಗಳಲ್ಲಿ, ಮಾಲೀಕರ ಒಪ್ಪಿಗೆಯಿಂದ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಇರುವ ಸ್ಪರ್ಧೆಗಳಲ್ಲಿ ಆಂಬ್ಯುಲೆನ್ಸ್, ವೈದ್ಯರು ಇರುತ್ತಾರೆ. ಸಾಮಾನ್ಯ ವಾಹನ ವಿಮೆ ಸ್ಪರ್ಧೆಯ ಓಟಕ್ಕೆ ಅನ್ವಯಿಸುವುದಿಲ್ಲ, ಇದನ್ನು ಮರೆಯಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟವಾದರೆ ಹಿಂದಿನ ದಿನವೇ ಆನೆ ಕಾರ್ಯಪಡೆಯವರನ್ನು ಕೇಳಿಕೊಳ್ಳಿ. ಅಲ್ಲಿ ಆನೆಗಳು ಹಗಲು ಮಲಗುವುದೇ ಕಾಫಿ ಗಿಡಗಳ ನೆರಳಿನಲ್ಲಿ. ತಿರುವಿನಲ್ಲಿ ಎದುರಾದರೆ ಬೈಕು ಹಿಂದಕ್ಕೆ ತಿರುಗಿಸುವಷ್ಟು ಜಾಗ ಇರುವುದಿಲ್ಲ.

ನೋಂದಣಿ ಇಲ್ಲದ ಡರ್ಟ್ ಬೈಕನ್ನು ನಮ್ಮ ತೋಟದಿಂದ ಮಾವನವರ ತೋಟಕ್ಕೆ, ಬರೀ ಅರ್ಧ ಕಿಲೋಮೀಟರ್ ಪಂಚಾಯಿತಿ ರಸ್ತೆಯಲ್ಲಿ ಓಡಿಸಬಹುದೇ? (ಆಲ್ದೂರು)

ಇಲ್ಲ. ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದೆನ್ನುವ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಅರ್ಧ ಕಿಲೋಮೀಟರಿಗೂ ಅನ್ವಯಿಸುತ್ತದೆ. ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ. ಮಾವನವರನ್ನು ಒಂದು ಮಾತು ಕೇಳಿಕೊಂಡೇ ಹೋಗಿ, ಕಾಫಿ ಗಿಡ ಹೂ ಬಿಡಲು ಕಾಯುವ ಹೂಮಳೆ ಬಿದ್ದ ವಾರದಲ್ಲಂತೂ ಯಾವ ಬೆಳೆಗಾರನೂ ತೋಟದೊಳಗೆ ಬೈಕಿನ ಸದ್ದು ಸಹಿಸುವುದಿಲ್ಲ.