ಮೀಡಿಯಂ ವೇವಿನ ಗೊರಗೊರ: ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಪ್ರಶ್ನೆ: ಧಾರವಾಡ ಆಕಾಶವಾಣಿ (765 ಕಿಲೋಹರ್ಟ್ಸ್) ಹಗಲು ಚೆನ್ನಾಗಿ ಬರುತ್ತದೆ. ಮನೆಗೆಲ್ಲ ಎಲ್‌ಇಡಿ ಬಲ್ಬ್ ಹಾಕಿಸಿದ ಮೇಲೆ ಸಂಜೆ ದೀಪ ಹಾಕಿದರೆ ಸಾಕು, ಗೊರ್ ಎಂದು ಶುರು. ರೇಡಿಯೊ ಕೆಟ್ಟಿದೆಯೇ? — ರಾಣೆಬೆನ್ನೂರು

ಉತ್ತರ: ರೇಡಿಯೊ ಸರಿಯಾಗಿಯೇ ಇದೆ, ಕೆಟ್ಟಿರುವುದು ಮನೆಯ ವಯರಿಂಗಿನಲ್ಲಿ ಹರಿಯುವ ಕರೆಂಟು. ಬಲ್ಬಿನೊಳಗೆ ಪುಟ್ಟ ಡ್ರೈವರ್ ಇರುತ್ತದೆ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕತ್ತರಿಸಿ ಕತ್ತರಿಸಿ ಎಲ್‌ಇಡಿಗೆ ಕೊಡುತ್ತದೆ. ಕತ್ತರಿಸುವ ವೇಗ 65 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ. ಅದರ ಗುಣಕಗಳಾದ 650, 715, 780 ಎಲ್ಲದರ ಮೇಲೂ ಸದ್ದು ಬೀಳುತ್ತದೆ. ಧಾರವಾಡದ 765 ಇವುಗಳ ನಡುವೆ ಇದೆಯಲ್ಲ, ತಪ್ಪಿಸಿಕೊಳ್ಳಬೇಕಿತ್ತಲ್ಲ ಎನ್ನಬಹುದು. ಅಗ್ಗದ ಡ್ರೈವರಿನ ವೇಗ ಒಂದೆಡೆ ನಿಲ್ಲುವುದಿಲ್ಲ. ಹತ್ತು ಬಲ್ಬುಗಳದ್ದು ಹತ್ತು ವೇಗ, ಎಲ್ಲ ಸೇರಿ ಡಯಲ್ ತುಂಬ ಹರಡಿಬಿಡುತ್ತವೆ. ಮೀಡಿಯಂ ವೇವ್ ಕೇಂದ್ರಗಳು ಬಳಸುವ ಎಎಂ ಪದ್ಧತಿಯಲ್ಲಿ ಮಾತು ಅಲೆಯ ಎತ್ತರ-ತಗ್ಗಿನಲ್ಲೇ ಅಡಗಿರುತ್ತದೆ, ಈ ಕೊಳಕು ಸೇರಿಕೊಳ್ಳುವುದೂ ಅಲ್ಲಿಗೇ. ಎಫ್‌ಎಂ ರೇಡಿಯೊ ಎತ್ತರ-ತಗ್ಗನ್ನು ಕತ್ತರಿಸಿ ಎಸೆದು ಪಾರಾಗುತ್ತದೆ, ಎಎಂಗೆ ಆ ದಾರಿಯಿಲ್ಲ.

ಮೊದಲು ಕಳ್ಳನನ್ನು ಹಿಡಿಯಿರಿ. ರೇಡಿಯೊಗೆ ಸೆಲ್ ಹಾಕಿ, ವಯರ್ ಕಿತ್ತುಬಿಡಿ. ಅಷ್ಟಕ್ಕೇ ಸದ್ದು ನಿಂತರೆ ಅದು ರೇಡಿಯೊದ ವಯರಿನಲ್ಲೇ ಬರುತ್ತಿತ್ತು, ಮುಂದೆಯೂ ಸೆಲ್ಲಿನಲ್ಲೇ ಕೇಳಿ. ನಿಲ್ಲದಿದ್ದರೆ ಮೇನ್ ಸ್ವಿಚ್ ಇಳಿಸಿ. ಆಗಲೂ ಇದ್ದರೆ ಪಕ್ಕದ ಮನೆಯದ್ದು ಅಥವಾ ಬೀದಿ ಲೈನಿನದ್ದು. ಮಾಯವಾದರೆ ಉಳಿದೆಲ್ಲ ಇಳಿಸಿಟ್ಟು ಮೇನ್ ಹಾಕಿ, ಎಂಸಿಬಿಗಳನ್ನು (ಬೋರ್ಡಿನಲ್ಲಿ ಒಂದೊಂದು ಲೈನಿಗಿರುವ ಸ್ವಿಚ್ಚು) ಒಂದೊಂದಾಗಿ, ಆಮೇಲೆ ಸ್ವಿಚ್ಚುಗಳನ್ನು ಒಂದೊಂದಾಗಿ ಏರಿಸುತ್ತ ಬನ್ನಿ. ಯುಪಿಎಸ್ ಅಥವಾ ಸೋಲಾರ್ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿರಬೇಕು. ಮೇನ್ ಇಳಿಸಿದರೂ ಅದು ತನ್ನ ಪಾಡಿಗೆ ಗೊರಗುಡುತ್ತಿರುತ್ತದೆ, ಬಹಳ ಜನ ಎಡವುವುದು ಇಲ್ಲೇ.

ಕಿವಿಯೇ ಅರ್ಧ ಪತ್ತೆ ಮಾಡುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು ದುಂಬಿಯಂಥ ಒಂದೇ ಶ್ರುತಿಯ ಗುಂಯ್. ನಡು ವೇಗದಲ್ಲಿ ಜೋರು, ಫ್ಯಾನ್ ಪೂರ್ತಿ ವೇಗಕ್ಕೆ ತಿರುಗಿಸಿದರೆ ಬಹುತೇಕ ಇಲ್ಲ. ಮೊಬೈಲ್ ಚಾರ್ಜರಿನದು ಡಯಲ್ ತಿರುಗಿಸಿದಂತೆ ಸಮದೂರದಲ್ಲಿ ಎದ್ದು ಬೀಳುವ ಉಬ್ಬುಗಳು. ಬೀದಿ ಕಂಬದಲ್ಲಿ ಸಡಿಲವಾದ ಬೋಲ್ಟೋ ಕ್ಲಾಂಪೋ ಕಿಡಿ ಹಾರಿಸುತ್ತಿದ್ದರೆ ಒಣ ಹವೆಯಲ್ಲಿ ಕರಕರ, ನಾಲ್ಕು ಹನಿ ಮಳೆ ಬಿದ್ದರೆ ಮೌನ. ಅದಕ್ಕೆ ಕಂಬದ ನಂಬರ್ ಬರೆದುಕೊಂಡು ವಿದ್ಯುತ್ ಕಚೇರಿಗೆ ದೂರು ಕೊಡಿ. ಕಂಬವನ್ನು ಅಲುಗಿಸಿ ನೋಡುವ ಸಾಹಸ ಬೇಡ.

ಇನ್ನು ಪರಿಹಾರ. ಸದ್ದು ಮಾಡುವ ಬಲ್ಬನ್ನು ಬದಲಿಸುವುದೇ ಸುಲಭ. ಅಂಗಡಿಗೆ ಸೆಲ್ ರೇಡಿಯೊ ಒಯ್ದು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಉರಿಯುವ ಬಲ್ಬಿನಿಂದ ಒಂದು ಅಡಿ ದೂರ ಹಿಡಿದು ಕೇಳಿ. ಚಾರ್ಜರ್, ಸೆಟ್‌ಟಾಪ್ ಬಾಕ್ಸಿನಂಥವಕ್ಕೆ ಫೆರೈಟ್ (ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಪ್ಪು, ಪಿಂಗಾಣಿಯಂಥ ವಸ್ತು) ಉಂಗುರ ಬೇಕು. ಆನ್‌ಲೈನಿನಲ್ಲಿ ಸಿಗುವ ಕ್ಲಿಪ್ಪನ್ನು ವಯರಿಗೆ ಸುಮ್ಮನೆ ಸಿಕ್ಕಿಸಿದರೆ ಮೀಡಿಯಂ ವೇವಿನಲ್ಲಿ ಏನೂ ಆಗದು. ವಯರನ್ನು ಉಂಗುರಕ್ಕೆ ಸುತ್ತಬೇಕು, ಸದ್ದಿಗೆ ತಡೆ ಹೆಚ್ಚುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ. ಒಂದು ಸುತ್ತಿಗೆ ಒಂದು ಪಾಲಾದರೆ 8 ಸುತ್ತಿಗೆ ಸುಮಾರು 64 ಪಾಲು. ಗುಜರಿಯಲ್ಲಿ ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನ ಯೋಕ್ (ಟ್ಯೂಬಿನ ಕುತ್ತಿಗೆಗೆ ತೊಡಿಸಿದ ತಾಮ್ರದ ಸುರುಳಿ) ಸಿಕ್ಕರೆ ತಾಮ್ರ ಬಿಚ್ಚಿಹಾಕಿ, ಒಳಗಿನ ಕಪ್ಪು ಕೋರಿಗೆ ಚಾರ್ಜರಿನ ವಯರನ್ನು 8–10 ಸುತ್ತು ಸುತ್ತಿ. ಚಾರ್ಜರಿಗೆ ಒತ್ತಿಕೊಂಡೇ ಇರಬೇಕು, ಮೊಬೈಲಿನ ತುದಿಯಲ್ಲಲ್ಲ. ರೆಗ್ಯುಲೇಟರಿಗಾದರೆ ಅದರ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ‘ಎಕ್ಸ್-2’ ಎಂದು ಬರೆದಿರುವ ಕೆಪಾಸಿಟರನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಮಾಮೂಲಿ ಕೆಪಾಸಿಟರ್ ಹಾಕಿದರೆ ಒಂದು ದಿನ ಶಾರ್ಟ್ ಆಗಿ ಬೆಂಕಿ ಹತ್ತೀತು.

ಪ್ರಶ್ನೆ: ಬೆಂಗಳೂರು 612 ಇಲ್ಲಿ ಕ್ಷೀಣ. ತಾರಸಿಯ ಮೇಲೆ 20 ಮೀಟರ್ ತಂತಿ ಎಳೆದು ರೇಡಿಯೊಗೆ ಸುತ್ತಿದೆ. ಸ್ಟೇಷನ್ ಜೋರಾಯಿತು, ಸದ್ದು ಅದಕ್ಕಿಂತ ಜೋರಾಯಿತು. — ಚಳ್ಳಕೆರೆ

ಉತ್ತರ: ಆ ತಂತಿಗೆ ಸ್ಟೇಷನ್ ಬೇರೆ, ವಯರಿಂಗ್ ಬೇರೆ ಎಂಬ ಭೇದವಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚಿ ತರುತ್ತದೆ. ನಿಮಗೆ ಬೇಕಿರುವುದು ದಿಕ್ಕು ನೋಡಿ ಆರಿಸುವ ಆಂಟೆನಾ. ಮರದ ಪಟ್ಟಿಗಳನ್ನು ಗುಣಿಸು ಚಿಹ್ನೆಯ ಹಾಗೆ ಜೋಡಿಸಿ, 60 ಸೆಂಟಿಮೀಟರ್ ಬದಿಯ ಚೌಕ ಬರುವಂತೆ 12 ಸುತ್ತು ತಂತಿ ಸುತ್ತಿ, ಸುತ್ತಿಗೂ ಸುತ್ತಿಗೂ 6 ಮಿಲಿಮೀಟರ್ ಸಂದು ಬಿಡಿ. ಸುಮಾರು 30 ಮೀಟರ್ ಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 22 ಗೇಜಿನ ಇನಾಮಲ್ ತಂತಿ ತೂಕಕ್ಕೆ ಸಿಗುತ್ತದೆ, 110–120 ಗ್ರಾಂ ಕೇಳಿ. ತುದಿಗಳ ಇನಾಮಲ್ ಹೆರೆದು, ಹಳೆ ರೇಡಿಯೊದ ಗ್ಯಾಂಗ್ ಕಂಡೆನ್ಸರಿಗೆ (ಸ್ಟೇಷನ್ ಹಿಡಿಯಲು ತಿರುಗಿಸುವ ಕೆಪಾಸಿಟರ್) ಬೆಸುಗೆ ಹಾಕಿ. ಇಂಥ ಸುರುಳಿಯ ಇಂಡಕ್ಟೆನ್ಸ್ 190 ಮೈಕ್ರೋಹೆನ್ರಿ ಆಸುಪಾಸು. 612ಕ್ಕೆ ಅದು ಕೇಳುವುದು 350 ಪಿಕೋಫ್ಯಾರಡ್. ಗ್ಯಾಂಗಿನ ಒಂದು ಭಾಗ ಸಾಲದಿದ್ದರೆ ಎರಡನ್ನೂ ಸೇರಿಸಿ.

ರೇಡಿಯೊಗೆ ವಯರ್ ಕೊಡಬೇಕಿಲ್ಲ. ಚೌಕಟ್ಟನ್ನು ನಿಲ್ಲಿಸಿ, ರೇಡಿಯೊದೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿ ಚೌಕದ ನಡುವೆ ತೂರಿದಂಥ ದಿಕ್ಕಿನಲ್ಲಿ ಇರುವಂತೆ ಹತ್ತಿರ ಇಡಿ. ಗ್ಯಾಂಗ್ ತಿರುಗಿಸುತ್ತ ಹೋದರೆ ಒಂದೆಡೆ ಸ್ಟೇಷನ್ ದಿಢೀರನೆ ಎದ್ದು ನಿಲ್ಲುತ್ತದೆ. ಆಮೇಲೆ ಚೌಕಟ್ಟು, ರೇಡಿಯೊ ಎರಡನ್ನೂ ಒಟ್ಟಿಗೆ ತಿರುಗಿಸಿ. ಚೌಕದ ಅಂಚು ಬೆಂಗಳೂರಿನತ್ತ ನೋಡಿದಾಗ ಸ್ಟೇಷನ್ ಅತಿ ಜೋರು. ಚೌಕದ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಬರುವುದೆಲ್ಲ ಸಾಯುತ್ತದೆ. ಹಾಗಾಗಿ ಸ್ಟೇಷನ್ ಜೋರಾಗುವ ಜಾಗಕ್ಕಿಂತ ಸದ್ದು ಸಾಯುವ ಜಾಗ ಹುಡುಕುವುದೇ ಜಾಣತನ. ಸ್ಟೇಷನ್ 30–40 ಡಿಗ್ರಿ ಓರೆಯಾದರೂ ಹೆಚ್ಚು ಕುಗ್ಗದು, ಸದ್ದು ಸಾಯುವುದು ಮಾತ್ರ ಕೆಲವೇ ಡಿಗ್ರಿಯ ಸಂದಿನಲ್ಲಿ. ಮೆಲ್ಲಗೆ ತಿರುಗಿಸಿ.

ಪ್ರಶ್ನೆ: ತೋಟಕ್ಕೆ ಸೋಲಾರ್ ಬೇಲಿ ಹಾಕಿದ ಮೇಲೆ ಭದ್ರಾವತಿ ಕೇಂದ್ರದಲ್ಲಿ (675) ಚಟ್, ಚಟ್ ಎಂದು ತಾಳ. — ತೀರ್ಥಹಳ್ಳಿ

ಉತ್ತರ: ಸೆಕೆಂಡಿಗೋ ಒಂದೂವರೆ ಸೆಕೆಂಡಿಗೋ ಒಮ್ಮೆ ಬಂದರೆ ಅದು ಬೇಲಿಯದೇ. ಸುಸ್ಥಿತಿಯ ಬೇಲಿ ಇಷ್ಟು ಗದ್ದಲ ಮಾಡದು. ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಬಿರಿದಲ್ಲಿ, ಅಥವಾ ತುಕ್ಕು ಹಿಡಿದ ತಂತಿಗೆ ತಂತಿ ಸುಮ್ಮನೆ ಹೊಸೆದ ಗಂಟಿನಲ್ಲಿ ಕಿಡಿ ಹಾರುತ್ತಿರುತ್ತದೆ. ಕತ್ತಲಾದ ಮೇಲೆ ಸೆಲ್ ರೇಡಿಯೊ ಹಿಡಿದು ಬೇಲಿಯುದ್ದಕ್ಕೂ ನಡೆದರೆ ಸದ್ದು ಏರುವಲ್ಲಿ ನೀಲಿ ಕಿಡಿ ಕಣ್ಣಿಗೇ ಬೀಳುತ್ತದೆ. ಗಂಟಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಅರ್ತಿಂಗ್ ಸರಳು ಒಂದೇ ಇದ್ದರೆ ಮೂರು ಮಾಡಿ, ನಡುವೆ 3 ಮೀಟರ್ ಅಂತರವಿರಲಿ.

ಪ್ರಶ್ನೆ: ಎಫ್‌ಎಂ ಗೋಪುರ ಗುಡ್ಡದ ಮೇಲಿರುತ್ತದೆ. ಎಎಂ ಕಂಬವನ್ನು ಬಯಲಲ್ಲಿ ಏಕೆ ನಿಲ್ಲಿಸುತ್ತಾರೆ? ಗಿಡ್ಡ ಮಾಡಿ ಖರ್ಚು ಉಳಿಸಬಾರದೆ? — ಹಾಸನ

ಉತ್ತರ: ಎಫ್‌ಎಂ ಗೋಪುರ ಆಂಟೆನಾವನ್ನು ಹೊತ್ತಿರುತ್ತದೆ, ಎಎಂನಲ್ಲಿ ಸಾಮಾನ್ಯವಾಗಿ ಕಂಬವೇ ಆಂಟೆನಾ. ಹಾಗಾಗಿ ಅಷ್ಟು ಟನ್ ಉಕ್ಕು ಪಿಂಗಾಣಿ ಇನ್ಸುಲೇಟರಿನ ಮೇಲೆ ಕೂತಿರುತ್ತದೆ. 612 ಕಿಲೋಹರ್ಟ್ಸಿನ ಅಲೆಯುದ್ದ 490 ಮೀಟರ್, ಕಂಬ ಅದರ ಕಾಲು ಭಾಗದಷ್ಟು ಎಂದಿಟ್ಟುಕೊಂಡರೆ 122 ಮೀಟರ್ ಎತ್ತರ. ಇನ್ನರ್ಧ ಆಂಟೆನಾ ನೆಲದೊಳಗಿದೆ ಎನ್ನಬೇಕು. ಬುಡದಿಂದ ಬಂಡಿಚಕ್ರದ ಅರಗಳಂತೆ 120 ತಾಮ್ರದ ತಂತಿಗಳನ್ನು, ಒಂದೊಂದೂ ಕಂಬದಷ್ಟೇ ಉದ್ದದವನ್ನು, ಹೂಳುವುದು ಬಲ್ಲವರ ಪದ್ಧತಿ. ಒಟ್ಟು ಹದಿನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು! ಇದನ್ನು ಬಂಡೆಯ ಮೇಲೆ ಹೂಳುವುದೆಲ್ಲಿ? ಅಲೆಯೂ ನೆಲ ಹಿಡಿದೇ ಸಾಗುವುದರಿಂದ ತೇವದ ಮಣ್ಣು ಬೇಕು, ಎತ್ತರದಿಂದ ಲಾಭವಿಲ್ಲ.

ಗಿಡ್ಡ ಮಾಡುವ ಲೆಕ್ಕ ನೋಡಿ. ಕಾಲು ಅಲೆಯ ಕಂಬದ ವಿಕಿರಣ ರೋಧ (ಅಲೆಯಾಗಿ ಹೊರಡುವ ಶಕ್ತಿಯನ್ನು ಓಮಿನಲ್ಲಿ ಅಳೆಯುವ ಲೆಕ್ಕ) ಸುಮಾರು 36 ಓಮ್. ನೆಲದ ನಷ್ಟ 4 ಓಮ್ ಎಂದರೆ ನೂರರಲ್ಲಿ 90 ಪಾಲು ಆಕಾಶಕ್ಕೆ, 10 ಪಾಲು ಮಣ್ಣಿಗೆ. ಕಂಬವನ್ನು 61 ಮೀಟರಿಗೆ ಇಳಿಸಿದರೆ ವಿಕಿರಣ ರೋಧ 6 ಓಮಿಗೆ ಕುಸಿಯುತ್ತದೆ. ನೆಲದ 4 ಓಮ್ ಅಷ್ಟೇ ಇರುವುದರಿಂದ 40 ಪಾಲು ಮಣ್ಣನ್ನು ಬಿಸಿ ಮಾಡಲು ಹೋಗುತ್ತದೆ. 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರಿಗೆ ಕಂಬದ ಬುಡದಲ್ಲಿ 70 ಆಂಪಿಯರ್ ಹರಿಯುತ್ತಿದ್ದದ್ದು 140 ಆಗುತ್ತದೆ, ಅಲ್ಲಿನ ಕಾಯಿಲ್‌ಗಳು ಬಿಸಿಯಾಗುತ್ತವೆ. ಜೊತೆಗೆ ಆಂಟೆನಾ ಕಿರಿದಾದ ಪಟ್ಟಿಗೆ ಮಾತ್ರ ಒಗ್ಗುವುದರಿಂದ ದನಿಯ ಸ, ಷ ಅಕ್ಷರಗಳ ಚೂಪು ಹೋಗಿ ಮಂಕಾಗುತ್ತದೆ. ತುದಿಯಲ್ಲಿ ತಂತಿಗಳ ಛತ್ರಿ ಕಟ್ಟಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿಯಲ್ಲ. ಹೂತ ತಾಮ್ರವನ್ನು ಕಳ್ಳರು ಅಗೆದರೂ ಇದೇ ಗತಿ: ಟ್ರಾನ್ಸ್‌ಮಿಟರ್ ಮೀಟರು ಪೂರ್ತಿ ಪವರ್ ತೋರಿಸುತ್ತಿರುತ್ತದೆ, ಕೇಳುಗರು ಮಾತ್ರ ಕೇಳುತ್ತಿಲ್ಲ ಎನ್ನುತ್ತಾರೆ.

ಪ್ರಶ್ನೆ: ರಾತ್ರಿ ಸ್ಟೇಷನ್ ಉಯ್ಯಾಲೆ ಆಡುತ್ತದೆ, ನಡುವೆ ಮಾತು ಕೊರಕೊರ ಒಡೆಯುತ್ತದೆ. ಇದೂ ಬಲ್ಬಿನ ಕಾಟವೇ? — ಅರಸೀಕೆರೆ

ಉತ್ತರ: ಅಲ್ಲ. ಹಗಲು 60ರಿಂದ 90 ಕಿಲೋಮೀಟರ್ ಎತ್ತರದ ‘ಡಿ’ ಪದರ ಮೇಲಕ್ಕೆ ಹೋದ ಅಲೆಯನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಕರಗುತ್ತದೆ, ಅಲೆ ಇನ್ನೂ ಮೇಲಿನ ಪದರಗಳಿಗೆ ತಗುಲಿ ಹಿಂತಿರುಗುತ್ತದೆ. ನೆಲದ ಅಲೆಯೂ ಬಾನಿನ ಅಲೆಯೂ ಸಮಬಲವಾಗಿ ಸೇರುವ ಊರುಗಳಲ್ಲಿ ಎರಡೂ ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ನಿಮ್ಮ ಕೈಯಲ್ಲಿ ಪರಿಹಾರವಿಲ್ಲ. ಪ್ರಸಾರದ ಕಡೆ ಕಂಬವನ್ನು ಅಲೆಯುದ್ದದ 0.53 ಪಾಲಿನಷ್ಟು ಎತ್ತರಿಸಿದರೆ ಮೇಲಕ್ಕೆ ಸಿಡಿಯುವ ಶಕ್ತಿ ತಗ್ಗಿ, ಈ ತೂಗಾಟದ ವಲಯ ದೂರಕ್ಕೆ ಸರಿಯುತ್ತದೆ. 612ಕ್ಕೆ ಆ ಎತ್ತರ 260 ಮೀಟರ್.