ಮಂಗಳವಾರದ ಹೊಟ್ಟೆನೋವು

ಹುಬ್ಬಳ್ಳಿಯ ಹುಡುಗಿ, ಎಂಟನೇ ತರಗತಿ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಹೊಟ್ಟೆನೋವು. ನಾಷ್ಟಾ ಬೇಡ, ಶಾಲೆ ಬೇಡ. ಡಾಕ್ಟರಿಗೆ ತೋರಿಸಿದರು, ಸ್ಕ್ಯಾನಿಂಗ್ ಆಯಿತು, ಏನೂ ಸಿಗಲಿಲ್ಲ. ಆ ಎರಡು ದಿನ ಜರ್ಮನ್ ಪೀರಿಯಡ್ ಇರುತ್ತದೆ ಎಂದು ಪತ್ತೆ ಹಚ್ಚಿದವರು ಅವಳ ತಾಯಿ. ಅದಾದ ಮೇಲೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

"ಸುಮ್ನೆ ನೆವ ಹೇಳ್ತಾಳ್ರಿ" ಎಂದರು ತಂದೆ. ಹುಡುಗಿ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತಿದ್ದಳು. ಹೆದರಿಕೆಯಾದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಂದೆಗೆ ಅದನ್ನು ಹೇಳಿ, ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ.

ಒಬ್ಬಳೇ ಆದ ಮೇಲೆ ಹುಡುಗಿ ಮಾತಾಡಿದಳು. ಐದನೆಯವರೆಗೆ ಕನ್ನಡ ಶಾಲೆ. ಆರನೆಯದಕ್ಕೆ ಇಂಗ್ಲಿಷ್ ಶಾಲೆಗೆ ಹಾಕಿದರು. ಅಲ್ಲಿ ಮೂರನೇ ಭಾಷೆಯಾಗಿ ಜರ್ಮನ್. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. "ನನಗ ಇಂಗ್ಲಿಷೇ ನೆಟ್ಟಗ ಬರಂಗಿಲ್ಲ ಮೇಡಮ್, ಜರ್ಮನ್ ಹೆಂಗ ಬರ್ತದ್ರಿ?" ಮನೆಯಲ್ಲಿ ಇನ್ನೊಂದು ಕಷ್ಟ. ದೊಡ್ಡಪ್ಪನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ವಿಡಿಯೋ ಕಾಲ್ ಬಂದರೆ "ಅಣ್ಣನ ಕೂಡ ಜರ್ಮನ್‌ದಾಗ ಮಾತಾಡು" ಎಂದು ತಂದೆ ಫೋನನ್ನು ಮುಖಕ್ಕೆ ಹಿಡಿಯುತ್ತಾರೆ. ನೆಂಟರೆಲ್ಲ ನೋಡುತ್ತಿರುತ್ತಾರೆ. ಇವಳಿಗೆ ಬಾಯಿ ಕಟ್ಟುತ್ತದೆ.

ನೋಟ್‌ಬುಕ್ ತೋರಿಸು ಎಂದೆ. ಧಾರವಾಡದಲ್ಲಿ ಓದುವಾಗ ನಾನೂ ಎರಡು ವರ್ಷ ಜರ್ಮನ್ ಕಲಿತಿದ್ದೆ, ಆ ದಿನ ಅದು ಕೆಲಸಕ್ಕೆ ಬಂತು. ಒಂದು ಪುಟದಲ್ಲಿ "ವೈಲ್ ಮೈನ ಮುಟರ್ ಇಸ್ಟ್ ತ್ಸು ಹೌಸ" ಎಂದು ಬರೆದಿದ್ದಳು. ಅಮ್ಮ ಮನೆಯಲ್ಲಿದ್ದಾಳೆ, ಅದಕ್ಕೆ ಎನ್ನುವ ಅರ್ಥದ್ದು. ಟೀಚರ್ ಕೆಂಪು ಪೆನ್ನಿನಿಂದ ನಡುವಿನ "ಇಸ್ಟ್" ಸುತ್ತ ಗೆರೆ ಹಾಕಿ, ಬಾಣ ಎಳೆದು ಕೊನೆಗೆ ತಂದಿದ್ದರು. ಅದೇ ಪುಟದಲ್ಲಿ ಅಂಥ ಬಾಣ ಐದಾರು ಇದ್ದವು. ಪ್ರತಿ ಸಾಲಿನ ಕೆಳಗೂ ಹುಡುಗಿ ಪೆನ್ಸಿಲಿನಲ್ಲಿ ಇಂಗ್ಲಿಷ್ ಬರೆದುಕೊಂಡಿದ್ದಳು.

"ಇದನ್ನ ನಿಮ್ಮ ಮನೆ ಮಾತಿನ್ಯಾಗ ಹೇಳು ತಂಗಿ" ಎಂದೆ.

"ಯಾಕಂದ್ರ ನಮ್ಮವ್ವ ಮನ್ಯಾಗ ಅದಾಳ."

ಸರಿಯಾದ ಜರ್ಮನ್ ವಾಕ್ಯವನ್ನು ಅದರ ಕೆಳಗೆ ಬರೆದೆ. ವೈಲ್, ಯಾಕಂದ್ರ. ಮೈನ ಮುಟರ್, ನಮ್ಮವ್ವ. ತ್ಸು ಹೌಸ, ಮನ್ಯಾಗ. ಇಸ್ಟ್, ಅದಾಳ. ಒಂದು ಪದವೂ ಆಚೀಚೆ ಇಲ್ಲ. ವೈಲ್ ಬಂದರೆ ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮಲ್ಲಿ ಅದು ಯಾವಾಗಲೂ ಕೊನೆಗೇ ಇರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ನಡುವೆ ಬರುತ್ತದೆ. ಇಂಗ್ಲಿಷಿನ ಮೂಲಕ ಹೋದದ್ದಕ್ಕೇ ಈ ತಪ್ಪುಗಳು ಬಂದಿದ್ದವು. ಇನ್ನೊಂದು ತೋರಿಸಿದೆ: "ಮೀರ್ ಇಸ್ಟ್ ಕಾಲ್ಟ್". ಮೀರ್ ಎಂದರೆ ನನಗೆ, ಕಾಲ್ಟ್ ಎಂದರೆ ಥಂಡಿ. ಥಂಡಿ "ನನಗ" ಆಗುತ್ತದಲ್ವಾ? ಅವರಿಗೂ ಹಾಗೇ. ಹುಡುಗಿ ಪುಟವನ್ನು ತನ್ನ ಕಡೆ ಎಳೆದುಕೊಂಡು ಎರಡು ಸಲ ಓದಿದಳು. ಅಲ್ಲಿಯವರೆಗೆ ಅವಳು ಆ ಪುಸ್ತಕವನ್ನು ಬೆರಳ ತುದಿಯಿಂದಷ್ಟೇ ಮುಟ್ಟಿದ್ದಳು.

ಎಲ್ಲವೂ ಹೀಗೆ ಹೊಂದುವುದಿಲ್ಲ, ಅದನ್ನೂ ಹೇಳಿದೆ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹುಡುಗಿ ಎನ್ನುವ "ಮೇಡ್‌ಖನ್" ಪದವೂ ನಪುಂಸಕ! "ಖನ್" ಬಾಲ ಹತ್ತಿದ ಪದಗಳೆಲ್ಲ ಹಾಗೇ. ಇಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ. ಪದದ ಮೊದಲು ಗಂಡಿಗೆ ಡೆರ್, ಹೆಣ್ಣಿಗೆ ಡೀ, ನಪುಂಸಕಕ್ಕೆ ಡಾಸ್ ಬರುತ್ತದೆ, ಅದನ್ನು ಸೇರಿಸಿಯೇ ಪದ ಕಲಿಯಬೇಕು. ಮೂರಕ್ಕೆ ಮೂರು ಬಣ್ಣದ ಪೆನ್ ಇಟ್ಟುಕೋ ಎಂದೆ.

ದಿನಾ ರಾತ್ರಿ ಅಜ್ಜಿಗೆ ಮೂರು ಪದ ಕಲಿಸಬೇಕು ಎಂದೂ ಹೇಳಿದೆ. ಅಜ್ಜಿಗೆ ಜರ್ಮನ್ ಗೊತ್ತಿಲ್ಲ, ಹಾಗಾಗಿ ತಪ್ಪು ಹುಡುಕುವುದಿಲ್ಲ. ಮತ್ತೆ ಕಿಟೆಲ್ ಕಥೆ ಹೇಳಿದೆ. ಧಾರವಾಡದ ಕಿಟೆಲ್ ಕಾಲೇಜು ಅವಳು ನೋಡಿದ್ದಳು, ಹೆಸರು ಯಾರದೆಂದು ಗೊತ್ತಿರಲಿಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದಾಗ 21 ವರ್ಷದವರು. ನಮ್ಮ ಜನರ ಬಾಯಿಂದ ಕೇಳಿ ಕೇಳಿ ಕನ್ನಡ ಕಲಿತರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. "ಅವರೂ ಮೊದಲಿಗೆ ತಪ್ಪು ಮಾತಾಡಿರ್ತಾರಲ್ರಿ?" ಎಂದು ಕೇಳಿದಳು. ಮತ್ತೆ ಮಾಡದೇ ಇರ್ತಾರಾ ಎಂದೆ.

ತಂದೆಯ ಜೊತೆ ಬೇರೆಯಾಗಿ ಕೂತೆ. ಮಗಳು ಜರ್ಮನಿಗೆ ಹೋಗಲಿ ಎನ್ನುವ ಆಸೆ ತಪ್ಪಲ್ಲ, ಲೆಕ್ಕ ಮಾತ್ರ ಸರಿ ಇರಲಿ ಎಂದೆ. ಅಲ್ಲಿನ ಬಹುತೇಕ ರಾಜ್ಯಗಳ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯವೇ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇಟ್ಟಿದೆ. ಭಾಷೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಜರ್ಮನ್‌ನಲ್ಲೇ ಡಿಗ್ರಿ ಓದಲು ಸಾಮಾನ್ಯವಾಗಿ ಬಿ2 ಅಥವಾ ಸಿ1 ಕೇಳುತ್ತಾರೆ. ಮಗಳು ಇನ್ನೂ ಎ1ರಲ್ಲಿದ್ದಾಳೆ, ವರ್ಷಗಳ ಟೈಮ್ ಇದೆ. ಭಾನುವಾರದ ಪರೀಕ್ಷೆ ಇವತ್ತಿಗೇ ನಿಲ್ಲಲಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿಗೆ ಇಷ್ಟು ತ್ರಾಸ ಆಗ್ತದಂತ ತಿಳೀಲಿಲ್ರಿ" ಎಂದರು.

ಶಾಲೆಯ ಟೀಚರ್ ಒಳ್ಳೆಯವರು. ನೋಟ್‌ಬುಕ್ಕಿನಲ್ಲಿ ಅರ್ಥವನ್ನು ಕನ್ನಡದಲ್ಲಿ ಬರೆಯಲು ಬಿಟ್ಟರು. ಓದಲು ಎಬ್ಬಿಸುವುದಿದ್ದರೆ ಹಿಂದಿನ ದಿನವೇ ಹೇಳುತ್ತೇನೆ ಎಂದರು.

ಎರಡು ತಿಂಗಳಲ್ಲಿ ಐದು ಸಲ ಭೇಟಿಯಾದೆವು. ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ. ಟೆಸ್ಟ್ ಇದ್ದ ವಾರ ಮತ್ತೆ ಬಂತು. ಆದರೆ ಶಾಲೆ ತಪ್ಪಿಸಲಿಲ್ಲ. ಕೊನೆಯ ಸಲ ಬಂದಾಗ ಅಜ್ಜಿಯ ಸುದ್ದಿ ತಂದಿದ್ದಳು. ಸಕ್ಕರೆಗೆ "ತ್ಸುಕರ್" ಅಂತಾರೆ ಎಂದಾಗ ಅಜ್ಜಿ "ಅದು ನಮ್ಮ ಸಕ್ರೀನ ಅಲ್ಲೇನ" ಅಂದರಂತೆ. ಅಜ್ಜಿಯ ಊಹೆ ಸರಿ. ಸಂಸ್ಕೃತದ ಶರ್ಕರವೇ ಅರಬ್ಬರ ಮೂಲಕ ಯುರೋಪಿಗೆ ಹೋದ ಪದ ಅದು.

ಒಂಬತ್ತನೆಯದರಲ್ಲಿ ಜರ್ಮನ್ ಇಟ್ಟುಕೊಳ್ಳಬೇಕೋ ಬಿಡಬೇಕೋ ಎನ್ನುವುದು ಅವಳಿಗೇ ಬಿಟ್ಟದ್ದು. ತಂದೆ ಒಪ್ಪಿದ್ದಾರೆ. ಅವಳಿನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ.